ಲಿಫ್ಟಪ್ಪನ ಗಾಳಿಯಂತ್ರ

ಲಿಫ್ಟಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬದುಕಿಡೀ ಲಿಫ್ಟ್ ರಿಪೇರಿ ಮಾಡಿಕೊಂಡು ಬಂದವನನ್ನು ಬೀದಿಯ ಜನ ಇನ್ನೇನೆಂದು ಕರೆದಾರು? ಅವನು ಕೆಲಸದಿಂದ ನಿವೃತ್ತನಾದ, ಹೆಸರು ಮಾತ್ರ ನಿವೃತ್ತವಾಗಲಿಲ್ಲ. ಅವನ ಹೆಂಡತಿಯನ್ನು ಲಿಫ್ಟಮ್ಮ ಎನ್ನಲು ಒಂದಿಬ್ಬರು ಹೊರಟಿದ್ದರು. ಅವಳು ತಿರುಗಿ ನೋಡಿದ ರೀತಿಗೆ ಆ ಮಾತು ಅಲ್ಲಿಗೇ ಮುಗಿಯಿತು.

ಮನುಷ್ಯ ಒಳ್ಳೆಯವನು. ಯಾರ ಮನೆಯ ಫ್ಯಾನು ಕಿರುಗುಟ್ಟಿದರೂ ಕರೆಯುವ ಮುಂಚೆಯೇ ಸ್ಕ್ರೂಡ್ರೈವರ್ ಹಿಡಿದು ಹಾಜರು. ಆದರೆ ಒಂದು ಗುಣ ಇತ್ತು ನೋಡಿ, ಅದನ್ನು ಬಿಟ್ಟು ಅವನ ಕತೆ ಹೇಳಲಿಕ್ಕೇ ಆಗುವುದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನ ಎಲ್ಲ ಕಡೆಯೂ ಇದ್ದಾರೆ. ಲಿಫ್ಟಪ್ಪ ಅವರಿಗಿಂತ ಒಂದು ಕೈ ಮೇಲು. ನಾಲ್ಕನೆಯ ಕಾಲನ್ನು ಮುಟ್ಟಿ ತೋರಿಸಿದರೂ ಅವನು ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ, ಎದ್ದು ಹೋಗುತ್ತಾನೆ. ಜಗಳ ಆಡುವವರ ಜೊತೆ ಹೇಗೋ ಬಾಳಬಹುದು. ಮಾತು ಬಿಡುವವರ ಜೊತೆ ಬಾಳುವುದು ಎಂಥ ಶಿಕ್ಷೆ ಎಂಬುದನ್ನು ಅವನ ಹೆಂಡತಿಯನ್ನು ಕೇಳಬೇಕು.

ಈಗ ಅವನು ಮಾತು ಬಿಟ್ಟದ್ದು ಬೇರೆ ಯಾರ ಜೊತೆಗೂ ಅಲ್ಲ, ಸ್ವಂತ ಮಗಳ ಜೊತೆ. ಅದೂ ಒಂದೇ ಸೂರಿನಡಿ, ಒಂದೇ ಮೇಜಿನ ಎದುರುಬದುರು ಕೂತು ಊಟ ಮಾಡುತ್ತ.

ಕಾರಣ ಇಷ್ಟು. ಮಗಳು ಒಂದು ಉಗ್ರಾಣದಲ್ಲಿ ಸರಕು ಎತ್ತಿಡುವ ಗಾಡಿ ಓಡಿಸುತ್ತಿದ್ದಳು. ಕೆಲಸ ನೆಲದ ಮೇಲೆ, ಅಪ್ಪನಿಗೂ ನೆಮ್ಮದಿ. ಒಂದು ದಿನ ಅವಳು ಟವರ್ ಕ್ರೇನ್ ಓಡಿಸುವ ತರಬೇತಿಗೆ ಸೇರಿದ್ದೆ, ಅದು ಮುಗಿದೂ ಆಯಿತು, ಕೆಲಸವೂ ಸಿಕ್ಕಿತು ಎಂದು ಮೂರು ಸುದ್ದಿಯನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಎರಡು ಬೀದಿಯ ಆಚೆ, ಹಳೆಯ ಗೋದಾಮು ಕೆಡವಿದ ಜಾಗದಲ್ಲಿ ಒಂದು ದೊಡ್ಡ ಆಸ್ಪತ್ರೆಯ ಕಟ್ಟಡ ಏಳುತ್ತಿತ್ತು. ಅದರ ಹಳದಿ ಕ್ರೇನು ಇವರ ತಾರಸಿಯಿಂದಲೇ ಕಾಣುತ್ತಿತ್ತು. ನೆಟ್ಟಗೆ ನಿಂತ ಕಬ್ಬಿಣದ ಕಂಬ, ಅದರ ನೆತ್ತಿಯಲ್ಲಿ ಅಡ್ಡಕ್ಕೆ ಚಾಚಿದ ಉದ್ದನೆಯ ಕೈ, ಎರಡೂ ಕೂಡುವಲ್ಲಿ ಬೆಂಕಿಪೊಟ್ಟಣದಷ್ಟು ಕಾಣುವ ಒಂದು ಗಾಜಿನ ಕೋಣೆ. ಆ ಬೆಂಕಿಪೊಟ್ಟಣದೊಳಗೆ ತನ್ನ ಮಗಳು ಕೂರುತ್ತಾಳೆ ಎಂದು ತಿಳಿದಾಗ ಲಿಫ್ಟಪ್ಪನ ಎದೆ ಧಸಕ್ಕೆಂದಿತು.

ಎತ್ತರ ಎಂದರೇನು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಜೊತೆಗೇ ಕೆಲಸ ಕಲಿತವನೊಬ್ಬ ಲಿಫ್ಟ್ ಓಡಾಡುವ ಬಾವಿಯೊಳಗೆ ಬಿದ್ದು ಸತ್ತಿದ್ದ. ಬೆಳಗ್ಗೆ ಒಂದೇ ಡಬ್ಬಿಯಲ್ಲಿ ತಿಂದವನನ್ನು ಸಂಜೆ ಎತ್ತಿಕೊಂಡು ಬಂದವರಲ್ಲಿ ಇವನೂ ಒಬ್ಬ. ಇದನ್ನು ಸಮಾಧಾನವಾಗಿ ಕೂತು ಮಗಳಿಗೆ ಹೇಳಬಹುದಿತ್ತು. ನನಗೆ ಭಯವಾಗುತ್ತದೆ ಕಣೇ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಗಂಡಸರಲ್ಲಿ ಕೆಲವರಿಗೆ ಭಯ ಬಾಯಿಗೆ ಬರುವಷ್ಟರಲ್ಲಿ ಕೋಪವಾಗಿರುತ್ತದೆ. ಅದನ್ನು ಹತ್ತಿದ ದಿನದಿಂದ ನನ್ನನ್ನು ಮಾತಾಡಿಸಬೇಡ ಎಂದುಬಿಟ್ಟ. ಅವಳು ಹತ್ತಿದಳು. ಅವನು ಮಾತು ನಿಲ್ಲಿಸಿದ. ನೂಲಿನಂತೆ ಸೀರೆ ಎನ್ನುತ್ತಾರಲ್ಲ, ಮಗಳೂ ಅದೇ ನೂಲು, ಅವಳೂ ನಿಲ್ಲಿಸಿದಳು.

ಅಲ್ಲಿಂದ ಮುಂದೆ ಆ ಮನೆಯ ತಾಯಿ ಅಂಚೆಯವಳಾದಳು. ಸ್ನಾನದ ಮನೆಯ ನಲ್ಲಿ ಸೋರುತ್ತಿದೆ ಅಂತ ಅಪ್ಪನಿಗೆ ಹೇಳಮ್ಮ. ನಾಳೆ ಸರಿಮಾಡುತ್ತೇನೆ ಅಂತ ಅವಳಿಗೆ ಹೇಳು. ಇಬ್ಬರ ನಡುವೆ ಒಂದು ಮೊಳ ಜಾಗ, ನಡುವೆ ಕೂತ ತಾಯಿಗೆ ಎರಡೂ ಕಿವಿಯಲ್ಲಿ ಕೆಲಸ. ಮಾತು ಬೆಳ್ಳಿ, ಮೌನ ಬಂಗಾರ ಅಂತ ಯಾರು ಹೇಳಿದರೋ, ಅವರು ಈ ಮನೆಯಲ್ಲಿ ಒಂದು ಹೊತ್ತು ಊಟ ಮಾಡಿ ನೋಡಲಿ ಎಂದು ಅವಳು ಪಾತ್ರೆ ತೊಳೆಯುತ್ತ ಗೊಣಗುತ್ತಿದ್ದಳು. ಒಮ್ಮೆ ಬೇಕೆಂತಲೇ ತಂಗಿಯ ಮನೆಗೆ ಹೋಗಿ ಎರಡು ದಿನ ಇದ್ದು ಬಂದಳು. ಹೇಗೂ ಇಬ್ಬರೇ ಇದ್ದಾಗ ಬಾಯಿ ಬಿಡಲೇಬೇಕಲ್ಲ ಎಂಬುದು ಅವಳ ಲೆಕ್ಕ. ಎಲ್ಲಿಯ ಮಾತು! ಈ ಮನೆಯಲ್ಲಿ ಯಾರಾದರೂ ಹಿಂದಿನ ಬಾಗಿಲಿನ ಚಿಲಕ ಹಾಕಿದರೆ ಒಳ್ಳೆಯದು ಎಂದು ಲಿಫ್ಟಪ್ಪ ಗೋಡೆಗೆ ಹೇಳಿದನಂತೆ. ಚಿಲಕ ಹಾಕಿಯಾಗಿದೆ ಎಂದು ಮಗಳು ಕ್ಯಾಲೆಂಡರಿಗೆ ಹೇಳಿದಳಂತೆ.

ಮೊದಮೊದಲಿನ ಒಂದು ಊಟದಲ್ಲಿ ಮಗಳು ತಾಯಿಗೆ ಒಂದು ಮಾತು ಹೇಳಿದ್ದಳು. ಗಾಳಿಯ ವೇಗ ಗಂಟೆಗೆ ಐವತ್ತು ಕಿಲೋಮೀಟರ್ ದಾಟಿದರೆ ಕ್ರೇನು ನಿಲ್ಲಿಸಿ ಇಳಿದುಬಿಡುತ್ತೇವೆ, ಯಾರೂ ಚಿಂತೆ ಮಾಡಬೇಕಾಗಿಲ್ಲ. ತಾಯಿಗೆ ಗಾಳಿಯ ವೇಗ ಕಟ್ಟಿಕೊಂಡು ಏನಾಗಬೇಕು? ಆ ಮಾತು ಹೋಗಬೇಕಾದ ಕಡೆಗೆ ನೇರವಾಗಿ ಹೋಯಿತು. ಮುಂದಿನ ವಾರ ಲಿಫ್ಟಪ್ಪ ಒಂದು ಹವಾಮಾನ ಯಂತ್ರ ಕೊಂಡುತಂದ.

ಯಂತ್ರದಲ್ಲಿ ಎರಡು ಭಾಗ. ಒಂದು ತಾರಸಿಯ ಮೇಲಿನ ಕೊಳವೆಗೆ ಕಟ್ಟುವಂಥದ್ದು. ಗಾಳಿಗೆ ಗಿರಗಿರನೆ ತಿರುಗುವ ಮೂರು ಬಟ್ಟಲು, ದಿಕ್ಕು ತೋರಿಸುವ ಒಂದು ಬಾಲ, ಮಳೆ ಅಳೆಯುವ ಒಂದು ಡಬ್ಬಿ, ಇವಕ್ಕೆಲ್ಲ ಬೇಕಾದ ಚೂರು ವಿದ್ಯುತ್ತನ್ನು ಬಿಸಿಲಿನಿಂದ ಎಳೆದುಕೊಳ್ಳುವ ಅಂಗೈಯಗಲದ ಹಲಗೆ. ಇನ್ನೊಂದು ಮನೆಯೊಳಗಿನ ಪರದೆ. ಮೇಲಿನದು ತಂತಿಯಿಲ್ಲದೆ ಕಳಿಸಿದ ಅಂಕಿಗಳನ್ನು ಅದು ತೋರಿಸುತ್ತದೆ. ಅದಕ್ಕೆ ಗೋಡೆಯ ಪ್ಲಗ್ಗಿನಿಂದ ಕರೆಂಟು ಬೇಕು. ಪರದೆಯನ್ನು ಅಡುಗೆಮನೆಯ ಕಿಟಕಿಯ ಪಕ್ಕ, ಹೆಂಡತಿ ಡಬ್ಬಿಗಳನ್ನು ಇಡುವ ಜಾಗದಲ್ಲಿ ತಂದು ಕೂರಿಸಿದ. ಇದೇನು ಎಂದು ಬಂದವರು ಕೇಳಿದರೆ ತಾರಸಿಯ ಗಿಡಗಳಿಗೆ ನೀರು ಹಾಕುವ ಲೆಕ್ಕಕ್ಕೆ ಎನ್ನುತ್ತಿದ್ದ. ತಾರಸಿಯಲ್ಲಿ ಇದ್ದದ್ದು ಎರಡು ಮೆಣಸಿನ ಗಿಡ, ಅದರಲ್ಲಿ ಒಂದು ಒಣಗಿತ್ತು. ಅವನು ಮಳೆಯ ಅಂಕಿ ನೋಡಿದ್ದನ್ನು, ಬಿಸಿಲಿನ ಅಂಕಿ ನೋಡಿದ್ದನ್ನು ಹೆಂಡತಿ ಒಮ್ಮೆಯೂ ಕಾಣಲಿಲ್ಲ. ನೋಡುತ್ತಿದ್ದದ್ದು ಗಾಳಿ ಒಂದನ್ನೇ. ಹನ್ನೆರಡು ಎಂದರೆ ಪೇಪರು ಓದುತ್ತಿದ್ದ, ಇಪ್ಪತ್ತೆಂಟು ಎಂದರೆ ಪೇಪರು ಮಡಚಿಡುತ್ತಿದ್ದ.

ಹೀಗಿರುವಾಗ ಒಂದು ತೊಡಕು ಎದುರಾಯಿತು. ಆ ಬೀದಿಯ ವಿದ್ಯುತ್ ತಂತಿಗಳು ಮರಗಳ ನಡುವೆ ಹಾದುಹೋಗಿವೆ. ಗಾಳಿ ಸ್ವಲ್ಪ ಜೋರಾದರೆ ಸಾಕು, ಕೊಂಬೆ ತಗುಲಿ ಕರೆಂಟು ಹೋಗುತ್ತದೆ, ಇಲ್ಲವೇ ತಗುಲೀತೆಂದು ವಿದ್ಯುತ್ ಇಲಾಖೆಯವರೇ ತೆಗೆದುಬಿಡುತ್ತಾರೆ. ಕರೆಂಟು ಹೋದರೆ ಪರದೆ ಕಪ್ಪು. ಪರದೆಯ ಹಿಂದೆ ಎರಡು ಸಣ್ಣ ಸೆಲ್ ಇದ್ದವು ನಿಜ, ಅವು ಗಡಿಯಾರವನ್ನಷ್ಟೇ ಕಾಪಾಡುವಂಥವು. ಅಂದರೆ ಗಾಳಿ ಇಲ್ಲದ ದಿನವೆಲ್ಲ ಯಂತ್ರ ಗಾಳಿಯನ್ನು ಚಾಚೂ ತಪ್ಪದೆ ಅಳೆಯುತ್ತಿತ್ತು, ಗಾಳಿ ಬಂದ ಕೂಡಲೇ ಕಣ್ಣು ಮುಚ್ಚುತ್ತಿತ್ತು. ಆ ಯಂತ್ರವನ್ನು ನಂಬುವುದಾದರೆ ಆ ಊರಿಗೆ ಬಿರುಗಾಳಿ ಎಂಬುದು ಬಂದೇ ಇಲ್ಲ. ಎದುರು ಮನೆಯಾತ ಗೇಟಿನ ಹತ್ತಿರ ಸಿಕ್ಕಾಗಲೆಲ್ಲ, ಏನು ಲಿಫ್ಟಪ್ಪ, ನಿನ್ನೆ ನಮ್ಮ ಮನೆಯ ಹೆಂಚು ಹಾರಿಹೋಯಿತು, ನಿಮ್ಮಲ್ಲಿ ಗಾಳಿ ಇತ್ತಾ ಎಂದು ಕೇಳುತ್ತಿದ್ದ. ಕಷ್ಟ ಬಂದಾಗ ನಾಪತ್ತೆಯಾಗುವ ನೆಂಟ ಇದು ಎಂದು ಹೆಂಡತಿ ಹೇಳಿದಳು.

ಲಿಫ್ಟಪ್ಪನಿಗೆ ನಗು ಬರುತ್ತಿರಲಿಲ್ಲ. ಗಾಳಿ ಎದ್ದು ಪರದೆ ಆರಿಹೋದಾಗ ಅವನು ಆ ಕಪ್ಪು ಗಾಜಿನ ಮುಂದೆಯೇ ಕೂತಿರುತ್ತಿದ್ದ. ಐವತ್ತು ದಾಟಿತೋ ಇಲ್ಲವೋ, ಇಳಿದಳೋ ಇಲ್ಲವೋ. ಫೋನು ಮಾಡುವಂತಿಲ್ಲ. ಕ್ರೇನು ಹತ್ತುವ ಮುಂಚೆ ಫೋನನ್ನು ಗೇಟಿನ ಕಾವಲುಗಾರನ ಮೇಜಿನಲ್ಲಿ ಇಟ್ಟು ಹೋಗಬೇಕು, ಅದು ಅಲ್ಲಿನ ನಿಯಮ. ಮಾಡುವಂತಿದ್ದರೂ ಇವನು ಮಾಡುತ್ತಿರಲಿಲ್ಲ, ಆ ಮಾತು ಬೇರೆ. ಸಂಜೆ ಗೇಟಿನ ಸದ್ದಾಗಿ ಅವಳ ಬೂಟಿನ ಧೂಳು ಹೊಸಿಲಿಗೆ ಬಿದ್ದಾಗ ಅವನು ಎದ್ದು ಕೋಣೆಗೆ ಹೋಗುತ್ತಿದ್ದ.

ಪೇಟೆಯಲ್ಲಿ ಬಿಡಿಭಾಗದ ಅಂಗಡಿಯವನೊಬ್ಬ ಇದ್ದ. ಲಿಫ್ಟಪ್ಪನ ಹಳೆಯ ಪರಿಚಯ. ಅವನು ಫೋನಿಗೆ ಚಾರ್ಜ್ ಮಾಡುವ ಪವರ್ ಬ್ಯಾಂಕ್ ಒಂದನ್ನು ಸಿಕ್ಕಿಸಿಬಿಡಿ, ಕೆಲಸ ಮುಗಿಯಿತು ಎಂದ. ಸಿಕ್ಕಿಸಿದ್ದಾಯಿತು. ಪರದೆ ಕುಡಿಯುವ ಕರೆಂಟು ಎಷ್ಟು ಕಡಿಮೆ ಎಂದರೆ, ಇಲ್ಲಿ ಯಾರಿಗೂ ಏನೂ ಬೇಕಾಗಿಲ್ಲ ಎಂದುಕೊಂಡು ಆ ಪವರ್ ಬ್ಯಾಂಕು ಸ್ವಲ್ಪ ಹೊತ್ತಿಗೆ ತಾನೇ ಆರಿ ಮಲಗಿತು. ಹಾಗಾದರೆ ಒಂದು ಇನ್ವರ್ಟರ್ ತೆಗೆದುಕೊಳ್ಳಿ ಎಂದ ಅಂಗಡಿಯವ. ಲಿಫ್ಟಪ್ಪ ಅವನನ್ನು ಕನಿಕರದಿಂದ ನೋಡಿದ. ಜೀವಮಾನವಿಡೀ ಇಡೀ ಇಡೀ ಕಟ್ಟಡಗಳ ಕಂಟ್ರೋಲ್ ಪೆಟ್ಟಿಗೆ ಬಿಚ್ಚಿ ಜೋಡಿಸಿದವನು ಅಂಗೈಯಗಲದ ಪರದೆಗೆ ಇನ್ವರ್ಟರ್ ಕೊಳ್ಳುವುದೇ? ನಾಲ್ಕು ಜನ ಕೇಳಿದರೆ ಏನೆಂದಾರು?

ಮನೆಯ ಹಿಂದಿನ ಪಡಸಾಲೆಯಲ್ಲಿ ಅವನದೊಂದು ಕೆಲಸದ ಮೇಜು ಇತ್ತು. ಒಂದು ಕಾಲು ಗಿಡ್ಡ, ಅದರಡಿ ಮಡಚಿಟ್ಟ ರಟ್ಟು. ಜೊತೆಗೆ ದುಡಿಯುತ್ತಿದ್ದವರು ಹಳೆಯ ಲಿಫ್ಟಿನ ತುರ್ತುದೀಪಕ್ಕೆ ಹಾಕಿದ್ದ ಬ್ಯಾಟರಿಯೊಂದನ್ನು ತಂದುಕೊಟ್ಟರು. ಇಟ್ಟಿಗೆಯಷ್ಟು ಗಾತ್ರ, ಇಟ್ಟಿಗೆಗಿಂತ ಭಾರ. ಅದಕ್ಕೆ ಒಂದು ಬಲ್ಬ್ ಕಟ್ಟಿ ಎಷ್ಟು ಹೊತ್ತು ಉರಿಸುತ್ತದೆ ನೋಡಿದ, ಇನ್ನೂ ಜೀವ ಗಟ್ಟಿಯಿತ್ತು. ಬ್ಯಾಟರಿಯ ತಲೆಯ ಹತ್ತಿರವೇ ಫ್ಯೂಸ್ ಹಾಕಿದ. ಸದಾ ತುಂಬಿರುವಂತೆ ಸಣ್ಣಗೆ ಚಾರ್ಜ್ ಮಾಡುವ ಒಂದು ಸರ್ಕ್ಯೂಟ್ ಹಲಗೆ, ಹನ್ನೆರಡು ವೋಲ್ಟನ್ನು ಪರದೆಗೆ ಬೇಕಾದ ಐದಕ್ಕೆ ಇಳಿಸುವ ಇನ್ನೊಂದು ಹಲಗೆ. ಎಲ್ಲದರ ನಡುವೆ ಒಂದು ರಿಲೇ. ರಿಲೇ ಎಂದರೆ ಬೇರೇನೂ ಅಲ್ಲ, ಒಳಗೊಂದು ಕಬ್ಬಿಣದ ನಾಲಗೆ ಇರುವ ಸ್ವಿಚ್ಚು. ಕರೆಂಟು ಇರುವಾಗ ನಾಲಗೆಯನ್ನು ಎಳೆದು ಹಿಡಿದಿರುತ್ತದೆ, ಹೋದ ಕೂಡಲೇ ಬಿಡುತ್ತದೆ. ಲಿಫ್ಟಿನ ಪೆಟ್ಟಿಗೆಯಲ್ಲಿ ಅಂಥವು ಸಾಲುಸಾಲಾಗಿ ಇರುತ್ತವೆ. ಅವನು ಕಣ್ಣು ಮುಚ್ಚಿಕೊಂಡೂ ಅದಕ್ಕೆ ತಂತಿ ಹಾಕಬಲ್ಲ.

ಹಾಕಿದ್ದೂ ಹಾಗೆಯೇ. ಎಲ್ಲವನ್ನೂ ಒಂದು ತಗಡಿನ ಪೆಟ್ಟಿಗೆಯಲ್ಲಿ ಅಚ್ಚುಕಟ್ಟಾಗಿ ಕೂರಿಸಿದ. ಬಣ್ಣಬಣ್ಣದ ತಂತಿಗಳನ್ನು ಜಡೆ ಹೆಣೆದಂತೆ ಕಟ್ಟಿದ. ಹೆಂಡತಿಯನ್ನು ಕರೆದು ನಿಲ್ಲಿಸಿ ಗೋಡೆಯ ಪ್ಲಗ್ಗು ಕಿತ್ತ. ಟಕ್ ಎಂದಿತು ರಿಲೇ. ಪರದೆ ಆರಿತು.

ಪ್ಲಗ್ಗು ಹಾಕಿದ, ಪರದೆ ಬಂತು. ಕಿತ್ತ, ಹೋಯಿತು. ಬ್ಯಾಟರಿ ನೋಡಿದ, ತುಂಬಿದೆ. ಫ್ಯೂಸ್ ನೋಡಿದ, ಸರಿಯಿದೆ. ಹಲಗೆಗಳನ್ನು ಒಂದೊಂದಾಗಿ ಬಿಚ್ಚಿ ಅಳೆದ, ಎಲ್ಲವೂ ಸರಿ. ಹಲಗೆ ಕೊಟ್ಟ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹೋಗಿ ಇನ್ನೊಂದು ಹಲಗೆಯನ್ನೂ ತಂದ. ಅದೂ ಅಷ್ಟೇ. ಆ ವಾರವೆಲ್ಲ ಲಿಫ್ಟಪ್ಪ ಊಟಕ್ಕೆ ಕೂತರೂ ಕಣ್ಣು ಪಡಸಾಲೆಯ ಕಡೆಗೇ. ಅಪ್ಪನಿಗೆ ಹುಷಾರಿಲ್ಲವಾ ಕೇಳಮ್ಮ ಎಂದು ಮಗಳು ಅಂಚೆ ಕಳಿಸಿದಳು. ಚೆನ್ನಾಗಿಯೇ ಇದ್ದೇನೆ ಅಂತ ಹೇಳು ಎಂದು ಮರು ಅಂಚೆ ಬಂತು.

ಒಂದು ಮಧ್ಯಾಹ್ನ ಹೆಂಡತಿ ಬಟ್ಟೆ ಮಡಚುತ್ತ ಪಡಸಾಲೆಯಲ್ಲಿ ಕೂತಿದ್ದಳು. ಇದರೊಳಗೆ ಏನೇನಿದೆ, ಯಾವುದು ಯಾಕೆ, ನನಗಾದರೂ ಬಿಡಿಸಿ ಹೇಳಿ ಎಂದಳು. ಬೇರೆ ಕೆಲಸವಿಲ್ಲದೆ ಕೇಳಿದ್ದಷ್ಟೇ. ಅವನಿಗೂ ಯಾರಿಗಾದರೂ ಹೇಳಬೇಕಿತ್ತು. ಬ್ಯಾಟರಿಯಿಂದ ಶುರುಮಾಡಿ ಒಂದೊಂದು ತಂತಿಯನ್ನೂ ಬೆರಳಿನಿಂದ ಮುಟ್ಟುತ್ತ ಬಂದ. ರಿಲೇಯ ಹತ್ತಿರ ಬಂದಾಗ ಅವನ ದನಿ ಸ್ವಲ್ಪ ಏರಿತು. ಇದೇ ನೋಡು ಎಲ್ಲದರ ಜೀವಾಳ ಎಂದ. ಲಿಫ್ಟಿನಲ್ಲೂ ಇದೇ. ಕರೆಂಟು ಇದ್ದಾಗ ಬ್ರೇಕನ್ನು ಎಳೆದು ಬಿಡಿಸಿ ಹಿಡಿದಿರುತ್ತದೆ. ಕರೆಂಟು ಹೋಯಿತೋ, ಟಕ್ ಎಂದು ನಾಲಗೆ ಬೀಳುತ್ತದೆ, ಬ್ರೇಕು ಕಚ್ಚಿಕೊಳ್ಳುತ್ತದೆ, ಮೋಟಾರು ಗೀಟಾರು ಎಲ್ಲವೂ ಬಂದ್, ಇದ್ದಲ್ಲೇ ನಿಲ್ಲುತ್ತದೆ, ಯಾರ ಜೀವಕ್ಕೂ ಅಪಾಯವಿಲ್ಲ. ಹೀಗೆ ಹೇಳುತ್ತ ಹೇಳುತ್ತ ಅವನ ಬೆರಳು ಒಂದು ಕೆಂಪು ತಂತಿಯ ಮೇಲೆ ನಿಂತಿತು. ಬಾಯಿಯೂ ನಿಂತಿತು.

ತಂತಿಯನ್ನು ಅವನು ಲಿಫ್ಟಿಗೆ ಹಾಕುವ ಹಾಗೆ ಹಾಕಿದ್ದ. ಕರೆಂಟು ಹೋದಾಗ ಎಲ್ಲವನ್ನೂ ಕಡಿದು ನಿಲ್ಲಿಸುವ ಕಡೆಗೆ. ಇಲ್ಲಿ ಬೇಕಾದದ್ದು ಅದರ ತದ್ವಿರುದ್ಧ: ಕರೆಂಟು ಹೋದಾಗಲೇ ಬ್ಯಾಟರಿ ಕೂಡಿಕೊಳ್ಳಬೇಕು. ನಾಲಗೆ ಬೀಳುವ ಆಚೆ ಬದಿಯ ತಿರುಪಿಗೆ ಕಟ್ಟಬೇಕಾದ್ದನ್ನು ಈಚೆ ಬದಿಗೆ ಕಟ್ಟಿದ್ದ. ಯಾವ ಹುಡುಗಾಟದ ಮೆಕ್ಯಾನಿಕ್ಕೂ ಮಾಡದ ತಪ್ಪು ಅದು. ಬದುಕಿಡೀ ಒಂದೇ ಥರ ಕಟ್ಟಿದ ಕೈಗೆ ಮಾತ್ರ ಬರುವಂಥದ್ದು.

ಅವನು ತಲೆ ಚಚ್ಚಿಕೊಂಡು ಹೇಳಿದ. ಹೆಂಡತಿ ಮೊದಲು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕೈಯಲ್ಲಿದ್ದ ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡು ಮೆಲ್ಲಗೆ ಹೇಳಿದಳು.

"ನೀವು ಇರೋದೂ ಹಾಗೇನೇ. ಏನಾದ್ರೂ ಹೆಚ್ಚುಕಡಿಮೆ ಆಯ್ತು ಅಂದ್ರೆ ಟಕ್ ಅಂತ ಎಲ್ಲಾ ಬಂದ್ ಮಾಡಿ ಕಚ್ಕೊಂಡು ನಿಂತುಬಿಡ್ತೀರಿ. ನಿಮ್ ಪ್ರಕಾರ ಅದ್ರಿಂದ ಯಾರಿಗೂ ಅಪಾಯ ಇಲ್ಲ."

ಲಿಫ್ಟಪ್ಪ ಪೆಟ್ಟಿಗೆಯ ಕಡೆಗೆ ಬಗ್ಗಿದ. ತಿರುಪು ಸಡಿಲಿಸಿ ಕೆಂಪು ತಂತಿಯನ್ನು ಆಚೆ ಬದಿಗೆ ಹಾಕಿದ. ತಂತಿಯಾದರೆ ಸ್ಕ್ರೂಡ್ರೈವರಿಗೆ ಬಗ್ಗುತ್ತದೆ.

ಇನ್ನೂ ಒಂದು ಸಣ್ಣ ಕಾಟ ಉಳಿದಿತ್ತು. ನಾಲಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ಬೀಳುವ ಕಣ್ಣೆವೆ ಮಿಟುಕಿಸುವಷ್ಟು ಹೊತ್ತಿನಲ್ಲಿ ಪರದೆ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಹೊತ್ತಿಕೊಂಡ ಮೇಲೆ ತಾರಸಿಯ ಬಟ್ಟಲುಗಳನ್ನು ಹುಡುಕಿ ಹಿಡಿಯಲು ಅದಕ್ಕೆ ಬಹಳ ಸಮಯ ಬೇಕು. ಈ ಸಲ ಅಂಗಡಿಯವನು ಗೆದ್ದ. ಹೆಬ್ಬೆರಳು ಗಾತ್ರದ ಒಂದು ಕೆಪಾಸಿಟರ್ ಕೊಟ್ಟು, ಇದನ್ನು ಪರದೆಯ ತಂತಿಗೆ ಅಡ್ಡ ಹಾಕಿ, ಅಷ್ಟು ಹೊತ್ತು ಇದು ಉಸಿರು ಹಿಡಿದುಕೊಳ್ಳುತ್ತದೆ ಎಂದ. ಹಾಕಿ ಪ್ಲಗ್ಗು ಕಿತ್ತರೆ ಟಕ್ ಎಂದು ಸದ್ದು ಬಂತು, ಅಂಕಿಗಳು ಕದಲಲಿಲ್ಲ. ಲಿಫ್ಟಪ್ಪ ಪ್ಲಗ್ಗನ್ನು ಕೀಳುವುದು, ಹಾಕುವುದು, ಕೀಳುವುದು, ಹಾಕುವುದು. ಇನ್ನು ಅದು ಸವೆದುಹೋಗುತ್ತದೆ, ಸಾಕು ಬಿಡಿ ಎಂದು ಹೆಂಡತಿ ಅಡುಗೆಮನೆಯಿಂದ ಓಡಿಸಿದಳು.

ಹೆಂಡತಿಯ ಆ ಮಾತು ಮಾತ್ರ ಅವನೊಳಗೆ ಮುಳ್ಳಿನಂತೆ ಕೂತಿತ್ತು. ಒಂದು ಬೆಳಗ್ಗೆ ಮಗಳು ಹೊಸಿಲಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದಾಗ ಅವನು ಹಿಂದೆ ಬಂದು ನಿಂತ. ಹೇಳಬೇಕಾದದ್ದನ್ನು ರಾತ್ರಿಯೇ ಕೂಡಿಸಿಟ್ಟುಕೊಂಡಿದ್ದ. ಹುಷಾರು, ಇವತ್ತು ಗಾಳಿ ಬರುವಂತಿದೆ, ಇಷ್ಟೇ. ಬಾಯಿ ತೆರೆದ. ತೆರೆದ ಬಾಯಿ ಅಡುಗೆಮನೆಯ ಕಡೆಗೆ ತಿರುಗಿತು. ಇವತ್ತು ಗಾಳಿ ಜಾಸ್ತಿ ಇರುತ್ತದೆ ಅಂತ ಕಾಣುತ್ತದೆ ಎಂದು ಹೆಂಡತಿಗೆ ಹೇಳಿದ. ಮಗಳ ಕೈ ದಾರದ ಮೇಲೆ ಒಂದು ಗಳಿಗೆ ನಿಂತಿತು. ನೋಡಿಕೊಳ್ಳುತ್ತೇನೆ ಅಂತ ಹೇಳಮ್ಮ ಎಂದು ಎದ್ದು ಹೋದಳು.

ಗಾಳಿ ಆ ದಿನವೇ ಬಂತು.

ಮಧ್ಯಾಹ್ನದ ಊಟ ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಕಿಟಕಿಯ ಬೆಳಕು ಬಾಡಿತು. ಬೀದಿಯ ಮರಗಳು ಒಂದೇ ಸಲ ಒಂದೇ ಕಡೆಗೆ ಬಾಗಿದವು. ಪರದೆಯಲ್ಲಿ ಇಪ್ಪತ್ತಿದ್ದದ್ದು ಮೂವತ್ತೆರಡಾಯಿತು. ಫ್ಯಾನು ನಿಂತಿತು, ಫ್ರಿಜ್ಜಿನ ಗುಂಯ್ ಎಂಬ ಸದ್ದು ನಿಂತಿತು, ಕಿಟಕಿಯ ಪಕ್ಕದ ತಗಡಿನ ಪೆಟ್ಟಿಗೆಯೊಳಗೆ ಟಕ್ ಎಂದಿತು. ಪರದೆ ಉರಿಯುತ್ತಲೇ ಇತ್ತು. ಕತ್ತಲು ಕವಿದ ಅಡುಗೆಮನೆಯಲ್ಲಿ ಅದೊಂದೇ ಬೆಳಕು. ಮೊತ್ತಮೊದಲ ಸಲ ಲಿಫ್ಟಪ್ಪನ ಯಂತ್ರ ಬಿರುಗಾಳಿಯನ್ನು ಕಣ್ಣು ಬಿಟ್ಟು ನೋಡುತ್ತಿತ್ತು.

ಮೂವತ್ತೊಂಬತ್ತು. ನಲವತ್ತಾರು. ಅವನು ಉಸಿರು ಬಿಗಿಹಿಡಿದ. ಐವತ್ತಮೂರು ಬಂದಾಗ ಉಸಿರು ಬಿಟ್ಟ. ದಾಟಿತು ಎಂದು ಹೆಂಡತಿಗೆ ಹೇಳಿದ. ಇನ್ನು ನಿಲ್ಲಿಸಿರುತ್ತಾಳೆ. ಎಷ್ಟು ಸಮಾಧಾನವಾಯಿತೆಂದರೆ, ಕ್ರೇನು ನಿಂತದ್ದನ್ನು ಒಮ್ಮೆ ಕಣ್ಣಾರೆ ನೋಡಿ ಬರುತ್ತೇನೆ ಎಂದು ತಾರಸಿಯ ಮೆಟ್ಟಿಲು ಹತ್ತಿದ. ಪರದೆ ಆರಿದ್ದರೆ ಅವನು ಎಂದಿನಂತೆ ಅಡುಗೆಮನೆಯಲ್ಲೇ ಕೂತಿರುತ್ತಿದ್ದ.

ಬಾಗಿಲು ತೆರೆಯಲು ಭುಜ ಕೊಡಬೇಕಾಯಿತು. ಹನಿಗಳು ಅಡ್ಡಡ್ಡ ಬರುತ್ತಿದ್ದವು. ಕನ್ನಡಕ ಒರೆಸಿಕೊಂಡು ನೋಡಿದ. ಕ್ರೇನು ನಿಂತಿರಲಿಲ್ಲ. ಅದರ ಉದ್ದನೆಯ ಕೈ ಆಕಾಶದಲ್ಲಿ ತಿರುಗುತ್ತಿತ್ತು. ಕೆಲಸ ಮಾಡುವಾಗ ತಿರುಗುವ ಹಾಗಲ್ಲ, ಅಳತೆ ಗೊತ್ತುಗುರಿ ಇಲ್ಲದೆ, ಗಾಳಿ ತಳ್ಳಿದತ್ತ ಸರಿಯುತ್ತ, ಸ್ವಲ್ಪ ಹಿಂದೆ ಬರುತ್ತ, ಮತ್ತೆ ಸರಿಯುತ್ತ. ಯಂತ್ರವನ್ನು ಯಾರೋ ಹಿಡಿದು ನಡೆಸುತ್ತಿದ್ದಾರೋ, ಅದು ತಾನಾಗಿ ಹೋಗುತ್ತಿದೆಯೋ ಎಂಬುದು ಲಿಫ್ಟಪ್ಪನಿಗೆ ಒಂದು ನೋಟಕ್ಕೆ ತಿಳಿಯುತ್ತದೆ. ಇದನ್ನು ಯಾರೂ ಹಿಡಿದಿರಲಿಲ್ಲ. ಬ್ರೇಕು ಹೋಗಿದೆ ಎಂದುಕೊಂಡ.

ಹೇಗೆ ಇಳಿದನೋ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು. ಬ್ರೇಕು ಹೋಗಿದೆ, ಅವಳು ಮೇಲಿದ್ದಾಳೆ ಎಂದಷ್ಟೇ ಹೇಳಿದ. ಹೆಂಡತಿ ಮಗಳ ಫೋನಿಗೆ ಕರೆ ಮಾಡಿದಳು. ಅದು ಗೇಟಿನ ಮೇಜಿನಲ್ಲಿ ರಿಂಗಾಗುತ್ತಲೇ ಇರಬೇಕು, ಯಾರೂ ಎತ್ತಲಿಲ್ಲ. ಅವಳು ಛತ್ರಿ ತೆಗೆದುಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಅವನು ಬೀದಿಯ ತಿರುವಿನಲ್ಲಿದ್ದ. ಎರಡು ಬೀದಿಯನ್ನು ಆ ವಯಸ್ಸಿನಲ್ಲಿ, ಆ ಚಪ್ಪಲಿಗಳಲ್ಲಿ ಓಡಿದ. ದಾರಿಯುದ್ದಕ್ಕೂ ಒಂದೇ ಯೋಚನೆ. ಬೆಳಗ್ಗೆ ಬಾಯಿ ತೆರೆದಿದ್ದೆ, ಅದೊಂದು ಮಾತನ್ನು ಅವಳ ಮುಖ ನೋಡಿ ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಗೇಟಿನ ಕಾವಲುಗಾರ ಕೈ ಅಡ್ಡ ಹಿಡಿದ. ಹೆಲ್ಮೆಟ್ ಇಲ್ಲದೆ ಒಳಗೆ ಯಾರನ್ನೂ ಬಿಡುವಂತಿಲ್ಲ ಎಂದ. ಗೇಟಿನ ಪಕ್ಕದಲ್ಲೇ ತಗಡಿನ ಸೂರು, ಅದರಡಿ ಹತ್ತಾರು ಕೆಲಸಗಾರರು ಲೋಟ ಹಿಡಿದು ಮಳೆ ನಿಲ್ಲುವುದನ್ನು ಕಾಯುತ್ತಿದ್ದರು. ಅವರ ನಡುವೆ ಹಳದಿ ಹೆಲ್ಮೆಟ್ಟು, ಕೆಸರಿನ ಬೂಟು, ಬಿಸಿ ಚಹಾ ಊದುತ್ತ ನಿಂತಿದ್ದಾಳೆ ಮಗಳು. ಲಿಫ್ಟಪ್ಪ ಅವಳನ್ನು ಕಂಡ. ಕಂಡ ಮೇಲೂ ಕಾವಲುಗಾರನ ತೋಳು ಹಿಡಿದುಕೊಂಡು, ಆ ಹುಡುಗಿಗೆ ಏನಾದರೂ ಪೆಟ್ಟಾಗಿದೆಯಾ ಕೇಳು ಎಂದ. ರೂಢಿ ಎಂಬುದು ಅಷ್ಟು ಕೆಟ್ಟದ್ದು.

ಕಾವಲುಗಾರ ಅವನನ್ನು ಮೇಲಿಂದ ಕೆಳಗೆ ನೋಡಿದ. "ಅಲ್ಲೇ ನಿಂತಿದ್ದಾಳಲ್ಲ ಸ್ವಾಮಿ. ನೀವೇ ಕೇಳಿ."

ಅಷ್ಟರಲ್ಲಿ ಮಗಳೇ ಲೋಟ ಬದಿಗಿಟ್ಟು ಬಂದಳು. ಅಪ್ಪನ ಒದ್ದೆ ತಲೆ, ಬೇರೆ ಬೇರೆ ಚಪ್ಪಲಿ ನೋಡಿ ಅವಳ ಮುಖ ಬಿಳುಚಿತು. ಮನೆಯಲ್ಲಿ ಏನೋ ಆಗಿದೆ ಎಂದುಕೊಂಡಳು. ಅವಳು ಕೇಳುವ ಮುಂಚೆ ಅವನೇ ಹೇಳಿದ, ಅವಳ ಮುಖ ನೋಡಿಕೊಂಡೇ ಹೇಳಿದ.

"ಬ್ರೇಕ್ ಹೋಗಿದೆ ಕಣೇ. ಕೈ ತಾನಾಗೇ ತಿರುಗ್ತಾ ಇದೆ. ಮೇಲೆ ಯಾರಿದ್ದಾರೆ?"

"ಮೇಲೆ ಯಾರೂ ಇಲ್ಲಪ್ಪ. ಬ್ರೇಕೂ ಹೋಗಿಲ್ಲ. ನಾನೇ ಬಿಡಿಸಿಟ್ಟು ಇಳಿದು ಬಂದೆ."

ಅವನಿಗೆ ಅರ್ಥವಾಗಲಿಲ್ಲ. ಬ್ರೇಕು ಬಿಡಿಸಿ ಬಂದೆಯಾ ಎಂದು ಮತ್ತೆ ಕೇಳಿದ. ಬಿರುಗಾಳಿಯಲ್ಲಿ ಬ್ರೇಕು ಬಿಡಿಸಿ ಬರುವವರು ಉಂಟೇ? ಮಗಳು ಅವನ ತೋಳು ಹಿಡಿದು ಸೂರಿನಡಿಗೆ ಕರೆದುಕೊಂಡು ಬಂದಳು. ಮೇಲೆ ಕೈ ತೋರಿಸಿ ಹೇಳಿದಳು.

"ಗಾಳಿ ಎತ್ತ ತಳ್ಳುತ್ತೋ ಅತ್ತ ತಿರುಗ್ಲಿ ಅಂತ ಬಿಡಲೇಬೇಕು. ಬಿಗಿಯಾಗಿ ಹಿಡಿದು ನಿಲ್ಲಿಸಿದ್ರೆ ಗಾಳಿ ಪೂರ್ತಿ ಅದರ ಮೈಮೇಲೇ ಬೀಳತ್ತೆ, ಕಂಬಾನೇ ಉರುಳತ್ತೆ. ನಮಗೆ ಮೊದಲನೇ ದಿನ ಕಲಿಸೋದೇ ಅದು."

ಲಿಫ್ಟಪ್ಪ ತಲೆಯೆತ್ತಿ ನೋಡಿದ. ಆ ದೊಡ್ಡ ಕೈ ಗಾಳಿಗೆ ಬೆನ್ನು ಕೊಟ್ಟು, ನೆಮ್ಮದಿಯಾಗಿ ತೂಗುತ್ತಿತ್ತು. ಯೋಚಿಸಿದರೆ ಅದು ಸರಿಯಾಗಿಯೇ ಇತ್ತು. ಇಷ್ಟು ವರ್ಷ ಯಂತ್ರಗಳ ಜೊತೆ ಇದ್ದೂ ಅವನಿಗೆ ಅದು ಹೊಳೆದಿರಲಿಲ್ಲ. ಪಕ್ಕದಲ್ಲಿ ಇಟ್ಟಿಗೆಯ ಒಂದು ರಾಶಿ ಇತ್ತು, ಅದರ ಮೇಲೆ ಕೂತುಬಿಟ್ಟ.

"ನಂಗೆ ಹೆದರಿಕೆ ಆಯ್ತು," ಎಂದ.

ಮಗಳು ತನ್ನ ಲೋಟವನ್ನು ಅವನ ಕೈಗೆ ಕೊಟ್ಟಳು. ಆಮೇಲೆ ಉಳಿದವರಿಗೆ ಕೇಳಿಸದ ಹಾಗೆ ಬಗ್ಗಿ ಹೇಳಿದಳು.

"ನಂಗೆ ದಿನಾ ಆಗತ್ತೆ. ಯಾರ ಹತ್ರ ಹೇಳ್ಲಿ? ಅಮ್ಮನಿಗೆ ಹೇಳಿದ್ರೆ ಅವಳು ನಿದ್ದೆ ಬಿಡ್ತಾಳೆ. ಇಲ್ಲಿ ಹೇಳಿದ್ರೆ ನಾಳೆಯಿಂದ ಬರಬೇಡ ಅಂತಾರೆ. ಹೇಳಿದ್ರೆ ಅರ್ಥ ಆಗೋ ಮನುಷ್ಯ ಅಂತ ಮನೇಲಿ ಒಬ್ಬನೇ ಇದ್ದ. ಅವನು ಮಾತೇ ಬಿಟ್ಟಿದ್ದ."

ಅವಳು ಹೆದರುತ್ತಾಳೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಹೆದರಿಕೆ ಎಂದರೇನೆಂದು ಅರಿಯದವಳು, ಅಪ್ಪನ ಮಾತಿಗೆ ಬೆಲೆ ಕೊಡದವಳು ಎಂದೇ ಇಷ್ಟು ದಿನ ಕೋಪ ಸಾಕಿಕೊಂಡಿದ್ದ. ದಿನವೂ ಹೆದರಿಕೊಂಡೇ ಹತ್ತಿ, ಹೆದರಿಕೊಂಡೇ ಇಳಿದು, ಮನೆಗೆ ಬಂದು ಅವನ ಎದುರೇ ಕೂತು ಉಂಡು ಎದ್ದು ಹೋಗಿದ್ದಾಳೆ. ತಪ್ಪಾಯಿತು ಎಂದು ಹೇಳಬೇಕೆಂದಿದ್ದ. ಬಾಯಿಗೆ ಬಂದದ್ದು ಬೇರೆಯೇ.

"ಹತ್ತುವಾಗಲಾ, ಇಳಿಯುವಾಗಲಾ?"

"ಇಳಿಯುವಾಗ."

"ನಂಗೂ ಇಳಿಯುವಾಗಲೇ," ಎಂದ ಲಿಫ್ಟಪ್ಪ. "ಬೆನ್ನು ತಿರುಗಿಸಿ, ಮೊದಲನೇ ಮೆಟ್ಟಿಲು ಎಲ್ಲಿದೆ ಅಂತ ಕಾಲಲ್ಲಿ ತಡಕಾಡ್ತೀವಲ್ಲ, ಆಗ."

ಮಗಳು ಹೆಲ್ಮೆಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡು ಅವನ ಪಕ್ಕದಲ್ಲಿ ಇಟ್ಟಿಗೆಯ ಮೇಲೆ ಕೂತಳು. ಹೌದಪ್ಪ, ಆಗಲೇ ಎಂದಳು. ಆಗ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿದಳು. ಅವನು ಹೇಳತೊಡಗಿದ.